ತಂತಿಯ ಜಾಲವೂ ಆಕಾಶದ ನೆರವೂ

ರಾಯಚೂರು ಸೀಮೆಯು ನಾಡಿಗೆ ಬೆಳಕನ್ನೀಯುವ ಸೀಮೆ. 1985ರಲ್ಲಿ ಶಕ್ತಿನಗರದ ಮೊದಲನೆಯ ಘಟಕವು ನಡೆಯತೊಡಗಿತು. ಮುಂದೆ ಆ ಸ್ಥಾವರದ ಸಾಮರ್ಥ್ಯವು 1720 ಮೆಗಾವಾಟ್‌ಗೆ ಬೆಳೆಯಿತು. 2013ನೆಯ ಡಿಸೆಂಬರ್ ತಿಂಗಳ ಕೊನೆಯ ದಿನ, ರಾಯಚೂರು-ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗವು ದಕ್ಷಿಣದ ವಿದ್ಯುಜ್ಜಾಲವನ್ನು ಇಡೀ ರಾಷ್ಟ್ರದ ಜಾಲದೊಡನೆ ಬೆಸೆಯಿತು. ಇದು ಅಭಿಮಾನಪಡತಕ್ಕ ಸಂಗತಿಯೇ ಸರಿ. ಆದರೆ ನಮ್ಮ ಹೊಲಗಳ ಮೇಲೆ ಹಾಯ್ದಿರುವ ಇದೇ ತಂತಿಗಳು, ಆಪತ್ಕಾಲದಲ್ಲಿ ಆಕಾಶಮಾರ್ಗವಾಗಿ ನೆರವಿಗೆ ಬರುವವರಿಗೆ ಉರುಲಾಗಬಾರದೆಂಬ ಎಚ್ಚರವು ನಮ್ಮಲ್ಲಿ ಎಷ್ಟರಮಟ್ಟಿಗಿದೆ?

ಈ ಪ್ರಶ್ನೆ ಕೇವಲ ಕಲ್ಪನೆಯದಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡು ಹತ್ತಿ ಉರಿದಾಗ ವಾಯುಸೇನೆಯ ಮಿ-17 ಹೆಲಿಕಾಪ್ಟರುಗಳು ನೀರಿನ ಬಕೆಟ್ಟುಗಳನ್ನು ತೂಗಿಸಿಕೊಂಡು ಬಂದು ಬೆಂಕಿಯನ್ನು ಆರಿಸಲು ಶ್ರಮಿಸಿದುವು. ಅದೇ ವರ್ಷದ ಆಗಸ್ಟಿನಲ್ಲಿ ತುಂಗಭದ್ರೆಯು ಉಕ್ಕಿ ಬಂದಾಗ ಗಂಗಾವತಿ ಬಳಿಯ ವಿರೂಪಾಪುರ ಗಡ್ಡೆಯಲ್ಲಿ ಸಿಲುಕಿದವರನ್ನು ಎತ್ತಿ ತಂದವೂ ಹೆಲಿಕಾಪ್ಟರುಗಳೇ. ಆ ಹೊಳೆ ಅಲ್ಲಿಂದ ಕೆಳಗಿಳಿದು ಮಾನವಿಯ ಸೀಮೆಗೆ ಬರುತ್ತದೆ. ದೇವದುರ್ಗದ ಅಂಚಿನಲ್ಲಿ ಕೃಷ್ಣೆ ಹರಿಯುತ್ತಾಳೆ. ಇಂದು ಅಲ್ಲಿ ಬೇಕಾದ ನೆರವು ನಾಳೆ ಇಲ್ಲಿ ಬೇಕಾಗದೆಂದು ಹೇಳುವವರಾರು?

ತಂತಿಯು ಏಕೆ ಕಾಣುವುದಿಲ್ಲವೆಂಬುದನ್ನು ಅರಿತಲ್ಲದೆ ಅಪಾಯದ ಆಳ ತಿಳಿಯದು. ಕಂಬ ಕಂಡರೂ ಎರಡು ಕಂಬಗಳ ನಡುವಣ ತಂತಿಯು ನೆಲದ ಬಣ್ಣದಲ್ಲಿ ಕರಗಿಹೋಗುತ್ತದೆ. ಅದರ ದೂರವನ್ನು ಕಣ್ಣು ಅಳೆಯಲಾರದು. ದೊಡ್ಡ ಮಾರ್ಗಗಳಲ್ಲಿ ಸಿಡಿಲನ್ನು ತಡೆಯಲು ಎಲ್ಲಕ್ಕಿಂತ ಮೇಲೆ ತೆಳ್ಳನೆಯ ತಂತಿಯೊಂದನ್ನು ಎಳೆದಿರುತ್ತಾರೆ. ಕೆಳಗಿನ ದಪ್ಪ ತಂತಿಗಳನ್ನು ಕಂಡು ಮೇಲೇರಿದ ಚಾಲಕನು ಈ ತೆಳುತಂತಿಗೆ ಸಿಕ್ಕಿಬೀಳಬಹುದು. ಆದುದರಿಂದಲೇ ಮಾರ್ಗವನ್ನು ಕಂಬದ ನೆತ್ತಿಯ ಮೇಲಿಂದಲೇ ದಾಟಬೇಕೆಂದು ಚಾಲಕರಿಗೆ ಕಲಿಸುತ್ತಾರೆ. ಬೆಂಕಿಯಾರಿಸುವ ಅಭ್ಯಾಸದಲ್ಲಿಯಂತೂ ಕಷ್ಟವು ಇಮ್ಮಡಿ: ಹಾರಾಟ ತಗ್ಗಿನಲ್ಲಿ, ದೃಷ್ಟಿ ನೀರಿನ ಮೇಲೆ, ಸಾವಿರಾರು ಲೀಟರ್ ಭಾರವು ಯಂತ್ರಕ್ಕಿಂತ ಎಷ್ಟೋ ಕೆಳಗೆ.

ಉದಾಹರಣೆಗಳು ದಾರುಣವಾಗಿವೆ. 2019ರ ಸೆಪ್ಟೆಂಬರಿನಲ್ಲಿ ಪೋರ್ಚುಗಲ್ಲಿನ ವಲೋಂಗು ಎಂಬಲ್ಲಿ ಕಾಳ್ಗಿಚ್ಚನ್ನು ಆರಿಸುತ್ತಿದ್ದ ಹೆಲಿಕಾಪ್ಟರು ವಿದ್ಯುತ್ತಂತಿಗೆ ತಗುಲಿ ಚಾಲಕನು ಮಡಿದನು. ಅದಕ್ಕೆ ತುಸು ಮೊದಲು, ಆಗಸ್ಟ್ 21ರಂದು, ನಮ್ಮ ಉತ್ತರಕಾಶಿಯಲ್ಲಿ ನೆರೆಸಂತ್ರಸ್ತರ ಸೇವೆಗೆ ಹೋಗಿದ್ದ ಹೆಲಿಕಾಪ್ಟರು ಕೇಬಲ್ಲಿಗೆ ಸಿಕ್ಕಿ ಮೂವರು ಪ್ರಾಣ ತೆತ್ತರು. 2025ರ ಮೇ 8ರಂದು ಅದೇ ಜಿಲ್ಲೆಯ ಗಂಗನಾನಿಯ ಬಳಿ ಮತ್ತೊಂದು ಹೆಲಿಕಾಪ್ಟರು ಬಿದ್ದು ಆರು ಮಂದಿ ತೀರಿಕೊಂಡರು. ತುರ್ತಾಗಿ ರಸ್ತೆಯ ಮೇಲೆ ಇಳಿಯಲೆತ್ನಿಸಿದಾಗ ಅದರ ರೆಕ್ಕೆಯು ಮೇಲೆ ಹಾಯ್ದಿದ್ದ ಕೇಬಲ್ಲಿಗೆ ಬಡಿಯಿತೆಂದು ಪ್ರಾಥಮಿಕ ತನಿಖೆಯು ತಿಳಿಸಿತು. ಉತ್ತರಕಾಶಿಯ ಆ ಎರಡೂ ವಿದ್ಯುತ್ತಿನ ತಂತಿಗಳಲ್ಲ; ಆದರೂ ಪಾಠ ಒಂದೇ.

ಹೆಲಿಕಾಪ್ಟರಿಗೆ ತಂತಿ ಕತ್ತರಿಸುವ ಅಲಗುಗಳನ್ನು ಜೋಡಿಸುವ ಉಪಾಯವೇನೋ ಉಂಟು. ಆದರೆ ವೇಗದಿಂದ ಮುನ್ನುಗ್ಗುವಾಗ ಮಾತ್ರ ಅದು ಕೆಲಸಕ್ಕೆ ಬರುವುದು; ನಿಂತಲ್ಲಿಯೇ ತೇಲುತ್ತ ನೀರನ್ನು ಮೊಗೆಯುವ ಯಂತ್ರವನ್ನಾಗಲಿ, ತೂಗುವ ಬಕೆಟ್ಟನ್ನಾಗಲಿ ಅದು ಕಾಯಲಾರದು. ನಿಜವಾದ ರಕ್ಷಣೆಯು ನೆಲದ ಮೇಲೆಯೇ, ಮುಂಚಿತವಾಗಿಯೇ ಆಗತಕ್ಕದ್ದು.

ಹಾಗಾದರೆ ಮಾಡತಕ್ಕದ್ದೇನು? ಜಿಲ್ಲಾಡಳಿತ, ಜೆಸ್ಕಾಂ ಮತ್ತು ಪ್ರಸರಣ ಸಂಸ್ಥೆಗಳು ಕೂಡಿ ರಾಯಚೂರು, ದೇವದುರ್ಗ, ಮಾನವಿಗಳಲ್ಲಿ ಹೆಲಿಕಾಪ್ಟರು ಇಳಿಯತಕ್ಕ ಬಯಲುಗಳನ್ನೂ ನೀರು ಮೊಗೆಯತಕ್ಕ ಕೆರೆಗಳನ್ನೂ ಈಗಲೇ ಗೊತ್ತುಮಾಡಲಿ. ಅವುಗಳ ಸುತ್ತಣ ಪ್ರತಿಯೊಂದು ತಂತಿಯನ್ನೂ, ಪಂಪ್‌ಸೆಟ್ಟಿನ ಮಾರ್ಗವನ್ನೂ ಬಿಡದೆ, ನಕ್ಷೆಯಲ್ಲಿ ಗುರುತಿಸಿ ಚಾಲಕರ ಕೈಗೀಯಲಿ. ಹೊಳೆಯನ್ನು ದಾಟುವ ಮಾರ್ಗಗಳಿಗೆ ಬಣ್ಣದ ಗೋಲಗಳನ್ನು ತೂಗಿಸಲಿ. ಅಭ್ಯಾಸದ ವೇಳೆ ಸಮೀಪದ ಮಾರ್ಗಗಳ ವಿದ್ಯುತ್ತನ್ನು ನಿಲ್ಲಿಸುವ ಅಧಿಕಾರ ಯಾರದೆಂಬುದು ಮೊದಲೇ ನಿಶ್ಚಯವಾಗಲಿ. ವಿದ್ಯುತ್ತು ನಿಂತರೂ ತಂತಿ ಅಲ್ಲಿಯೇ ಇರುತ್ತದೆಂಬುದನ್ನು ಮಾತ್ರ ಯಾರೂ ಮರೆಯದಿರಲಿ.

ವೆಚ್ಚದ ಮಾತು ಏಳದಿರದು. ಆದರೆ ನಾಡಿನ ತಂತಿಗಳಿಗೆಲ್ಲ ಗೋಲ ಕಟ್ಟಿರೆಂದು ನಾವು ಕೇಳುತ್ತಿಲ್ಲ; ಆಯ್ದ ಕೆಲವು ಸ್ಥಳಗಳು ಸಾಕು. ನಕ್ಷೆಗೆ ಬೇಕಾದುದು ಹಣಕ್ಕಿಂತ ಹೆಚ್ಚಾಗಿ ದುಡಿಮೆ. ಅನ್ಯರ ಪ್ರಾಣವನ್ನುಳಿಸಲು ತಮ್ಮ ಪ್ರಾಣವನ್ನು ಒತ್ತೆಯಿಟ್ಟು ಬರುವ ಯೋಧರಿಗೆ ದಾರಿಯ ಮುಳ್ಳನ್ನು ಮುಂಚಿತವಾಗಿ ತೋರಿಸುವುದು ಉಪಕಾರವಲ್ಲ, ನಮ್ಮ ಕರ್ತವ್ಯ. ನಾಡಿಗೆ ಬೆಳಕನ್ನಿತ್ತ ರಾಯಚೂರು ಈ ಕರ್ತವ್ಯದಲ್ಲಿಯೂ ಮುಂದಾಗಲಿ.