ಹಿಮ ಬೀಳದ ಊರಿನಲ್ಲಿ ಕೈತೋಟದ ಪಂಚಾಂಗ

ಕೆಲವು ವರ್ಷಗಳ ಹಿಂದಿನ ಮಾತು. ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ನೆಲೆಸಿರುವ ನಮ್ಮ ಬಂಧುಗಳ ಮಗಳೊಬ್ಬಳು ಸಂಕ್ರಾಂತಿಗೆಂದು ಅಟ್ಟೂರಿನ ನಮ್ಮ ಮನೆಗೆ ಬಂದಿದ್ದಳು. ಹಿತ್ತಿಲಿನಲ್ಲಿ ನಾನು ಹೂಕೋಸಿನ ಸಸಿಗಳನ್ನು ನೆಡುತ್ತಿದ್ದುದನ್ನು ಕಂಡು, "ದೊಡ್ಡಮ್ಮ, ನಮ್ಮ ಊರಿನಲ್ಲಿ ಕೊನೆಯ ಹಿಮ ಬೀಳುವ ದಿನವನ್ನು ಲೆಕ್ಕ ಹಾಕಿ ಬೀಜ ಬಿತ್ತುತ್ತೇವೆ. ಇಲ್ಲಿ ಹಿಮವೇ ಬೀಳುವುದಿಲ್ಲವಲ್ಲ, ನೀವು ಯಾವ ದಿನವನ್ನು ನೋಡುತ್ತೀರಿ?" ಎಂದು ಕೇಳಿದಳು. "ಬಿಡುವಾದ ದಿನವೇ ನಮಗೆ ಒಳ್ಳೆಯ ದಿನ" ಎಂದು ನಕ್ಕು ಸುಮ್ಮನಾದೆ.

ಆ ಉತ್ತರದ ಬೆಲೆಯನ್ನು ಮಾರ್ಚ್ ತಿಂಗಳಿನಲ್ಲಿ ತೆರಬೇಕಾಯಿತು. ಎಲೆಗಳು ಸೊಂಪಾಗಿ ಬೆಳೆದವು. ಹೂವು ಮಾತ್ರ ಬಿಗಿಯಾಗಿ ಕಟ್ಟದೆ, ಬಿಡಿಬಿಡಿಯಾಗಿ ಹಳದಿಗೆ ತಿರುಗಿತು. ನೀರಿಗಾಗಲಿ, ಗೊಬ್ಬರಕ್ಕಾಗಲಿ ಕೊರತೆ ಇರಲಿಲ್ಲ. ತಪ್ಪಿದ್ದುದು ಕಾಲ ಒಂದೇ.

ಹಿಮದ ದಿನವೆಂದರೇನು?

ಮೋಡವಿಲ್ಲದ, ಗಾಳಿಯಾಡದ ಚಳಿಯ ರಾತ್ರಿಗಳಲ್ಲಿ ನೆಲದ ಮೇಲ್ಮೈಯ ಉಷ್ಣತೆ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಗಾಳಿಯಲ್ಲಿರುವ ತೇವ ಬಿಳಿಯ ಹರಳಾಗಿ ಎಲೆಗಳ ಮೇಲೆ ಕೂರುತ್ತದೆ. ಟೊಮೇಟೊ, ಹುರುಳಿಕಾಯಿ, ಸೌತೆಯಂತಹ ಎಳೆಯ ಗಿಡಗಳು ಒಂದೇ ರಾತ್ರಿಯಲ್ಲಿ ಕರಗಿಹೋಗುತ್ತವೆ. ಆದ್ದರಿಂದ ಶೀತದೇಶಗಳವರು ಹತ್ತಾರು ವರ್ಷಗಳ ದಾಖಲೆಯಿಂದ ತಮ್ಮ ಊರಿಗೆ ಎರಡು ದಿನಗಳನ್ನು ಗುರುತಿಸಿಕೊಂಡಿದ್ದಾರೆ: ವಸಂತದ ಕೊನೆಯ ಹಿಮ ಮತ್ತು ಶರತ್ಕಾಲದ ಮೊದಲ ಹಿಮ. ಕೊನೆಯ ಹಿಮದ ದಿನದಿಂದ ಆರು ಅಥವಾ ಎಂಟು ವಾರ ಹಿಂದಕ್ಕೆ ಎಣಿಸಿ, ಟೊಮೇಟೊ ಬೀಜವನ್ನು ಮನೆಯೊಳಗೇ ಕುಂಡದಲ್ಲಿ ಬಿತ್ತುತ್ತಾರೆ. ಈ ದಿನವು ದೇವರ ಆಣೆಯಲ್ಲ, ಹಲವು ವರ್ಷಗಳ ಅನುಭವದ ಸರಾಸರಿ ಮಾತ್ರ ಎಂಬುದನ್ನು ಅವರು ಬಲ್ಲರು.

ನಮ್ಮ ನೆರೆಯ ಊಟಿಯ ಕಣಿವೆಗಳಲ್ಲಿಯೂ ಚಳಿಗಾಲದ ಮುಂಜಾನೆ ಹೀಗೆ ಹುಲ್ಲು ಬೆಳ್ಳಗಾಗುವುದುಂಟು. ಬೆಂಗಳೂರಿಗೆ ಆ ಭಯವಿಲ್ಲ. ಇಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 1884ರ ಜನವರಿ 13ರಂದು 7.8 ಡಿಗ್ರಿ. ಅತಿ ಹೆಚ್ಚಿನದು 2016ರ ಏಪ್ರಿಲ್ 24ರಂದು 39.2 ಡಿಗ್ರಿ. ನಮ್ಮ ತರಕಾರಿಯ ಶತ್ರು ಹಿಮವಲ್ಲ, ಬೇಸಿಗೆಯ ಝಳ ಮತ್ತು ಮಳೆಗಾಲದ ಅತಿತೇವ ಎಂಬುದು ಇದರಿಂದ ವಿದಿತವಾಗುತ್ತದೆ.

ನಮ್ಮ ಎಣಿಕೆಯ ದಿನ

ಹಾಗಾದರೆ ನಾವು ಎಣಿಸಬೇಕಾದ ದಿನ ಯಾವುದು? ಶಿವರಾತ್ರಿಗೆ ಚಳಿಯು "ಶಿವ ಶಿವ" ಎನ್ನುತ್ತ ಓಡಿಹೋಗುತ್ತದೆಂಬುದು ನಮ್ಮ ಮನೆಮನೆಯ ಮಾತು. ಅವರಿಗೆ ಕೊನೆಯ ಹಿಮ ಹೇಗೋ ನಮಗೆ ಚಳಿಯ ಕಡೆಯ ದಿನ ಹಾಗೆ. ಆದರೆ ಇಲ್ಲೊಂದು ಎಚ್ಚರಿಕೆ ಅವಶ್ಯ. ಶಿವರಾತ್ರಿ ಚಾಂದ್ರಮಾನದ ಹಬ್ಬ. 2021ರಲ್ಲಿ ಅದು ಮಾರ್ಚ್ 11ರಂದು ಬಂದಿತು. 2026ರಲ್ಲಿ ಫೆಬ್ರವರಿ 15ರಂದು. ಬಿಸಿಲು ತಿಥಿಯನ್ನು ನೋಡಿ ಏರುವುದಿಲ್ಲ. ಆದ್ದರಿಂದ ಫೆಬ್ರವರಿ 15 ಎಂದೇ ಗೊತ್ತುಮಾಡಿಕೊಳ್ಳುವುದು ಕ್ಷೇಮ.

ಈಗ ಹೂಕೋಸಿನ ಲೆಕ್ಕವನ್ನು ನೋಡೋಣ. ಒಟ್ಲುಪಾತಿಯಲ್ಲಿ ಸಸಿ ಬೆಳೆಯಲು ನಾಲ್ಕು ವಾರ. ನಾಟಿಯ ನಂತರ ಸುಮಾರು 60ರಿಂದ 70 ದಿನ. ಫೆಬ್ರವರಿ 15ರಿಂದ ನೂರು ದಿನ ಹಿಂದಕ್ಕೆ ಎಣಿಸಿದರೆ ನವೆಂಬರ್ ಮೊದಲ ವಾರ. ಬೀಜ ಬೀಳಬೇಕಾದುದು ಆಗ. ನಾನು ಸಂಕ್ರಾಂತಿಗೆ ಸಸಿ ನೆಟ್ಟು ಸುಮಾರು ಆರು ವಾರ ತಡಮಾಡಿದ್ದೆ ಎಂಬುದು ಈ ಎಣಿಕೆಯಿಂದಲೇ ಅರಿವಾಯಿತು.

ಕೊತ್ತಂಬರಿ, ಬಟಾಣಿ, ಕ್ಯಾರೆಟ್ಟುಗಳಿಗೂ ಇದೇ ಚಳಿಗಾಲ ಹಿತ. ಬಿಸಿಲೇರಿದರೆ ಕೊತ್ತಂಬರಿ ಎಲೆ ಬಿಡದೆ ಹೂವಿಗೆ ಓಡುತ್ತದೆ. ಬೆಂಡೆ, ಹೀರೆ, ಸೋರೆ, ಹಾಗಲಗಳದು ತದ್ವಿರುದ್ಧ ಸ್ವಭಾವ. ತಣ್ಣನೆಯ ಮಣ್ಣಿನಲ್ಲಿ ಅವು ಮೊಳೆಯಲು ಸೋಮಾರಿತನ ತೋರುತ್ತವೆ. ಅವನ್ನು ಫೆಬ್ರವರಿ ನಡುವಿನ ನಂತರ ಬಿತ್ತಬೇಕು. ಟೊಮೇಟೊ ಸೆಪ್ಟೆಂಬರ್-ಅಕ್ಟೋಬರಿನ ಜೋರು ಮಳೆಗೆ ಸಿಕ್ಕರೆ ಅಂಗಮಾರಿ ತಗಲುತ್ತದೆ, ಬೇಸಿಗೆಗೆ ಸಿಕ್ಕರೆ ಬಿಳಿನೊಣದಿಂದ ಎಲೆಮುರುಟು ರೋಗ ಬರುತ್ತದೆ. ಮಳೆಯ ಬಿರುಸು ಇಳಿದ ಮೇಲೆ ನೆಟ್ಟರೆ ಎರಡರಿಂದಲೂ ಬಹುಮಟ್ಟಿಗೆ ಪಾರಾಗಬಹುದು.

ಅತ್ತೆಯವರ ಮಳೆ ಲೆಕ್ಕ

ಈ ಲೆಕ್ಕವನ್ನೆಲ್ಲ ಪುಸ್ತಕ ಓದಿ ಕಲಿತೆನೆಂದು ಕೆಲಕಾಲ ಹೆಮ್ಮೆಪಟ್ಟುಕೊಂಡಿದ್ದೆ. ಅನಂತರ ನಮ್ಮ ಅತ್ತೆಯವರ ಮಾತು ನೆನಪಾಯಿತು. "ಸ್ವಾತಿ ಮಳೆಯೊಳಗೆ ಕೋಸಿನ ಒಟ್ಲು ಹಾಕಿಬಿಡು" ಎಂದು ಅವರು ಅನೇಕ ಸಲ ಹೇಳಿದ್ದುಂಟು. ಸ್ವಾತಿ ಮಳೆಯೆಂದರೆ ಅಕ್ಟೋಬರ್ 24ರ ಸುಮಾರಿನಿಂದ ನವೆಂಬರ್ ಮೊದಲ ವಾರದವರೆಗೆ. ನಾನು ನೂರು ದಿನ ಎಣಿಸಿ ಕಂಡುಕೊಂಡುದು ಅವರ ನಾಲಗೆಯ ತುದಿಯಲ್ಲಿಯೇ ಇತ್ತು!

ನಮ್ಮ ಮಳೆ ನಕ್ಷತ್ರಗಳು ಸೂರ್ಯನ ಸಂಚಾರವನ್ನು ಅನುಸರಿಸತಕ್ಕವು. ಒಂದೊಂದಕ್ಕೆ ಹದಿಮೂರು-ಹದಿನಾಲ್ಕು ದಿನ. ಏಪ್ರಿಲ್ ನಡುವಿನಲ್ಲಿ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಜೂನ್ 22ರ ಹೊತ್ತಿಗೆ ಆರಿದ್ರೆ. ವರ್ಷದಿಂದ ವರ್ಷಕ್ಕೆ ಇವು ಹೆಚ್ಚು ಕದಲುವುದಿಲ್ಲ. ಹಬ್ಬಕ್ಕೆ ಚಂದ್ರನನ್ನೂ ಬೇಸಾಯಕ್ಕೆ ಸೂರ್ಯನನ್ನೂ ನಂಬಿದ ಹಿರಿಯರ ವಿವೇಕ ಸಾಮಾನ್ಯವಾದುದಲ್ಲ.

ಅವರೆಯ ಉದಾಹರಣೆಯೂ ಮನನೀಯ. ನಾಟಿ ಅವರೆಯನ್ನು ಯಾವಾಗ ಬಿತ್ತಿದರೂ ಹಗಲು ಕುಗ್ಗುವವರೆಗೆ ಅದು ಹೂ ಬಿಡದು. ಮಳೆಗಾಲದಲ್ಲಿ ರಾಗಿಯೊಡನೆ ಬಿತ್ತಿದ್ದು ಮಾಗಿಯ ಇಬ್ಬನಿಯಲ್ಲಿ ಸೊಗಡು ತುಂಬಿಕೊಂಡು ಬರುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಹಗಲಿನ ಉದ್ದಕ್ಕೆ ಕಟ್ಟುಬೀಳದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಎಂಬ ತಳಿಗಳನ್ನು ನೀಡಿ, ವರ್ಷದ ಬೇರೆ ಕಾಲದಲ್ಲಿಯೂ ಅವರೆ ದೊರೆಯುವಂತೆ ಮಾಡಿದ್ದಾರೆ. ತಳಿಯ ಸ್ವಭಾವ ತಿಳಿದರೆ ಮಾತ್ರ ದಿನದ ಎಣಿಕೆಗೆ ಅರ್ಥ ಬರುತ್ತದೆ.

ಮನೆಗೊಂದು ನೋಟ್‌ಬುಕ್

ಒಂದೇ ಊರಿನಲ್ಲಿಯೂ ಎಲ್ಲ ಮನೆಗಳ ಹವೆ ಒಂದಲ್ಲ. ಕೆರೆಯ ಬದಿಯ ತಗ್ಗು ಜಾಗದಲ್ಲಿ ಮುಂಜಾನೆಯ ಥಂಡಿ ಹೆಚ್ಚು. ತಾರಸಿಯ ಕುಂಡಗಳಲ್ಲಿ ಕಾವು ಹೆಚ್ಚು. ಆದ್ದರಿಂದ ಇನ್ನೊಬ್ಬರ ಪಟ್ಟಿಯನ್ನು ಕಣ್ಣುಮುಚ್ಚಿ ಅನುಸರಿಸಲಾಗದು. ಬಿತ್ತಿದ ದಿನ, ಮೊಳೆತ ದಿನ, ಮೊದಲ ಕಾಯಿ ಕಿತ್ತ ದಿನ, ರೋಗ ಕಂಡ ದಿನ, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಮೂರು-ನಾಲ್ಕು ವರ್ಷಗಳಲ್ಲಿ ನಮ್ಮ ಹಿತ್ತಿಲಿನದೇ ಪಂಚಾಂಗ ಸಿದ್ಧವಾಗುತ್ತದೆ. ಮಳೆ ಮುಂದೆ-ಹಿಂದೆ ಆಗುತ್ತಿರುವ ಈ ದಿನಗಳಲ್ಲಿ ಇದರ ಅಗತ್ಯ ಮತ್ತಷ್ಟು ಹೆಚ್ಚಿದೆ.

ಅತ್ತೆಯವರು ಈಗಿಲ್ಲ. ಅವರಿಗೆ ಗೊತ್ತಿದ್ದ ಇಪ್ಪತ್ತೇಳು ಮಳೆಗಳ ವಿಚಾರದಲ್ಲಿ ನನಗೆ ಉಳಿದಿರುವುದು ಏಳೆಂಟು ಮಾತ್ರ. ಕೇಳಿ ಬರೆದುಕೊಳ್ಳುವ ಬುದ್ಧಿ ಅಂದು ನನಗೆ ಬರಲಿಲ್ಲ. ತಮ್ಮ ಮನೆಯಲ್ಲಿ ಹಿರಿಯರಿರುವ ಓದುಗರು ಈ ತಪ್ಪನ್ನು ಮಾಡಬಾರದೆಂದು ನನ್ನ ಕಳಕಳಿಯ ವಿನಂತಿ. ಇಂದು ಸಂಜೆಯೇ ಅವರ ಬಳಿ ಕುಳಿತು ಒಂದು ಮಳೆಯ ಹೆಸರನ್ನಾದರೂ ಕೇಳಿ ಬರೆದುಕೊಳ್ಳಿರಿ.

ಮಿಶಿಗನ್ನಿನ ಹುಡುಗಿ ಮತ್ತೆ ಬಂದಾಗ ಅವಳ ಪ್ರಶ್ನೆಗೆ ನನ್ನ ಬಳಿ ಉತ್ತರವಿತ್ತು. ಆ ವರ್ಷದ ಹೂಕೋಸು ಬಿಗಿಯಾಗಿ, ಬೆಳ್ಳಗೆ ಕಟ್ಟಿತ್ತು. ಪಕ್ಕದ ಎರಡು ಮನೆಗಳಿಗೂ ಸಾಕಾಗುವಷ್ಟಿತ್ತು.