ಒಡಲೊಳಗಣ ಯಂತ್ರವೂ ಮನುಷ್ಯನ ಸ್ವಾವಲಂಬನೆಯೂ

ಊರುಗೋಲು, ಕನ್ನಡಕ, ಮರದ ಕಾಲು ಮೊದಲಾದವು ಬಹುಕಾಲದಿಂದ ಮನುಷ್ಯನಿಗೆ ಆಸರೆಯಾಗಿ ಬಂದಿರುವ ಸಾಧನಗಳು. ಇವುಗಳನ್ನು ಆಶ್ರಯಿಸಿದವನನ್ನು ಯಾರೂ ಪರಾಧೀನನೆಂದು ಕರೆಯುವುದಿಲ್ಲ. ಬೇಡವಾದಾಗ ಅವನು ಅವುಗಳನ್ನು ತೆಗೆದಿರಿಸಬಲ್ಲನು. ಕೋಲು ಮುರಿದರೆ ಊರ ಬಡಗಿಯೇ ಇನ್ನೊಂದನ್ನು ಮಾಡಿಕೊಡಬಲ್ಲನು. ಆದರೆ ಚರ್ಮದೊಳಗೆ ಕೂರಿಸಿ ಹೊಲಿದುಬಿಡುವ ಯಂತ್ರದ ಮಾತು ಹೀಗಲ್ಲ. ಧರಿಸಿದವನು ಅದನ್ನು ಕಾಣಲಾರನು, ಕಳಚಲಾರನು, ಕೆಟ್ಟರೆ ಸರಿಪಡಿಸಿಕೊಳ್ಳಲಾರನು. ಇಂತಹ ಯಂತ್ರದಿಂದ ಸ್ವಾವಲಂಬನೆ ಹೆಚ್ಚುವುದೋ ಕುಗ್ಗುವುದೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಹೃದಯದ ಬಲ ಮೇಲ್ಕೋಣೆಯಲ್ಲಿರುವ ಒಂದು ಸಣ್ಣ ಜೀವಕೋಶಪುಂಜವು ತಾನೇ ತಾನಾಗಿ ವಿದ್ಯುತ್ ಸ್ಪಂದನಗಳನ್ನು ಹೊರಡಿಸುತ್ತದೆ. ಅವು ಕೆಳಕೋಣೆಗಳನ್ನು ಮುಟ್ಟಿದಾಗ ಹೃದಯವು ಸಂಕೋಚಗೊಂಡು ರಕ್ತವನ್ನು ನೂಕುತ್ತದೆ. ನಡುದಾರಿಯಲ್ಲಿ ಈ ಸ್ಪಂದನಕ್ಕೆ ತಡೆಯುಂಟಾದರೆ ಬಡಿತವು ತೀರ ನಿಧಾನವಾಗಿ, ಕೆಲವು ಕ್ಷಣ ನಿಂತೂ ಹೋಗಿ, ರೋಗಿಯು ಎಚ್ಚರದಪ್ಪಿ ಬೀಳುತ್ತಾನೆ. ಸ್ವೀಡನ್ ದೇಶದ ಆರ್ನೆ ಲಾರ್ಸನ್ನರಿಗೆ 1958ರಲ್ಲಿ ದಿನವೊಂದಕ್ಕೆ 20ರಿಂದ 30 ಸಲ ಹೀಗಾಗುತ್ತಿತ್ತು. ಆಗ ಅವರ ವಯಸ್ಸು 43. ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಮತ್ತು ತಂತ್ರಜ್ಞ ರೂನೆ ಎಲ್ಮ್‌ಕ್ವಿಸ್ಟ್ ಹೃದಯಗತಿಯನ್ನು ನಡೆಸುವ ಯಂತ್ರವೊಂದರ ಪ್ರಯೋಗದಲ್ಲಿ ತೊಡಗಿದ್ದರಾದರೂ ಅದು ಮನುಷ್ಯರಿಗೆ ಇನ್ನೂ ಸಿದ್ಧವಾಗಿಲ್ಲವೆಂದೇ ಹೇಳುತ್ತಿದ್ದರು. ಲಾರ್ಸನ್ನರ ಪತ್ನಿ ಎಲ್ಸೆ-ಮಾರಿಯವರು ಪಟ್ಟುಬಿಡದೆ ಇಬ್ಬರ ಬೆನ್ನು ಹತ್ತಿದರು. ಆ ವರ್ಷದ ಅಕ್ಟೋಬರ್ 8ರಂದು ಸ್ಟಾಕ್‌ಹೋಮಿನ ಬಳಿಯ ಕರೋಲಿನ್‌ಸ್ಕಾ ಆಸ್ಪತ್ರೆಯಲ್ಲಿ ಜಗತ್ತಿನ ಮೊದಲ ಒಳಗೂಡಿದ ಪೇಸ್‌ಮೇಕರ್ ಅವರ ದೇಹವನ್ನು ಸೇರಿತು. ಬೂಟಿನ ಪಾಲಿಷ್ ಡಬ್ಬಿಯನ್ನೇ ಅಚ್ಚಾಗಿಟ್ಟುಕೊಂಡು ಎಪಾಕ್ಸಿ ರಾಳವನ್ನು ಎರೆದು ಮಾಡಿದ ಯಂತ್ರವದು! ಕೆಲವೇ ಗಂಟೆಗಳಲ್ಲಿ ಅದು ನಿಂತುಹೋಗಿ ಇನ್ನೊಂದನ್ನು ಇಡಬೇಕಾಯಿತು. ಲಾರ್ಸನ್ನರು ಜೀವಮಾನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಯಂತ್ರಗಳನ್ನು ಬದಲಿಸಿಕೊಂಡು, ವೈದ್ಯನಿಗಿಂತಲೂ ತಂತ್ರಜ್ಞನಿಗಿಂತಲೂ ಹೆಚ್ಚು ಕಾಲ ಬಾಳಿ, 2001ರಲ್ಲಿ 86ನೆಯ ವಯಸ್ಸಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು.

ಹಾಸಿಗೆ ಹಿಡಿದವರನ್ನು ಮರಳಿ ಕಾಯಕಕ್ಕೆ ಹಚ್ಚಿದ ಈ ಯಂತ್ರವು ಸ್ವಾವಲಂಬನೆಯನ್ನು ಕಳೆಯಿತೆಂದರೆ ಅದು ಕೃತಘ್ನತೆಯ ಮಾತಾದೀತು. ಆದರೂ ಅವಲಂಬನೆ ತೊಲಗಿತೆಂದಲ್ಲ, ಸ್ಥಳ ಬದಲಿಸಿತೆಂದು ತಿಳಿಯಬೇಕು. ಬ್ಯಾಟರಿಯು ಪೆಟ್ಟಿಗೆಯೊಳಗೆ ಭದ್ರವಾಗಿ ಮುಚ್ಚಿರುವುದರಿಂದ ಅದು ತೀರಿದಾಗ ಪೆಟ್ಟಿಗೆಯನ್ನೇ ಬದಲಿಸಬೇಕು. ಒಳಗಿನ ಸ್ಥಿತಿಯನ್ನು ಓದುವ ಉಪಕರಣ ತಯಾರಕನದು. ಒಬ್ಬನದು ಇನ್ನೊಬ್ಬನ ಯಂತ್ರವನ್ನು ಓದದು. 2017ರಲ್ಲಿ ಅಬಾಟ್ ಕಂಪನಿಯ ಪೇಸ್‌ಮೇಕರುಗಳಲ್ಲಿ ಹೊರಗಿನವರು ಕೈಯಾಡಿಸಬಹುದಾದ ದೋಷವೊಂದು ಕಂಡುಬಂದಾಗ ಅಮೆರಿಕದಲ್ಲಿ ಸುಮಾರು 4,65,000 ಯಂತ್ರಗಳು ಅದಕ್ಕೆ ಒಳಪಟ್ಟವು. ಪರಿಹಾರವು ಮೂರು ನಿಮಿಷದ ಕೆಲಸವಾದರೂ ಅದನ್ನು ಆಸ್ಪತ್ರೆಯಲ್ಲಿಯೇ ಮಾಡಿಸಿಕೊಳ್ಳಬೇಕಿತ್ತು.

ಇದಕ್ಕಿಂತ ಕಠೋರವಾದುದು ಕಣ್ಣಿನ ಪ್ರಸಂಗ. ಅಕ್ಷಿಪಟಲವು ಕ್ರಮೇಣ ನಶಿಸಿ ಕುರುಡಾದವರಿಗಾಗಿ ಕ್ಯಾಲಿಫೋರ್ನಿಯಾದ ಸೆಕೆಂಡ್ ಸೈಟ್ ಎಂಬ ಕಂಪನಿಯು ಆರ್ಗಸ್-2 ಎಂಬ ಸಾಧನವನ್ನು ರೂಪಿಸಿತು. ಕನ್ನಡಕದಲ್ಲಿ ಕ್ಯಾಮರಾ, ಸೊಂಟದಲ್ಲಿ ಚಿತ್ರವನ್ನು ಸಂಸ್ಕರಿಸುವ ಪೆಟ್ಟಿಗೆ, ಕಣ್ಣೊಳಗೆ 60 ವಿದ್ಯುದಗ್ರಗಳ ತೆಳು ಹಾಳೆ. ದೊರೆಯುತ್ತಿದ್ದುದು ನಿಜವಾದ ನೋಟವಲ್ಲ, ಬೆಳಕಿನ ಚುಕ್ಕೆಗಳು ಮಾತ್ರ. ಆದರೂ ಬಾಗಿಲೆಲ್ಲಿ, ಗೋಡೆಯೆಲ್ಲಿ ಎಂದು ಗುರುತಿಸಿ ತಾನೇ ನಡೆಯಬಲ್ಲವನಿಗೆ ಚುಕ್ಕೆಯೂ ದೊಡ್ಡದೇ. 2013ರಲ್ಲಿ ಅಮೆರಿಕ ಸರಕಾರದ ಅನುಮತಿ ದೊರೆಯಿತು. ಜಗತ್ತಿನಾದ್ಯಂತ ಸುಮಾರು 350 ಜನರು ಇದನ್ನು ಧರಿಸಿದರು. 2019ರಲ್ಲಿ ಕಂಪನಿಯು ಇದರ ತಯಾರಿಕೆಯನ್ನು ಕೈಬಿಟ್ಟಿತು; 2020ರಲ್ಲಿ ಹಣವಿಲ್ಲದೆ ಬಹುಪಾಲು ನೌಕರರನ್ನು ಮನೆಗೆ ಕಳುಹಿಸಿತು. ಧರಿಸಿದವರ ಪಾಲಿಗೆ ದುರಸ್ತಿಯೂ ಬಿಡಿಭಾಗವೂ ಹೇಳಿಕೇಳುವವರೂ ಇಲ್ಲವಾದರು. ಬೇರೆ ಕಾಯಿಲೆಗೆ ಎಂ.ಆರ್.ಐ. ತೆಗೆಸಬೇಕಾದರೂ ಸಾಧನದ ವಿವರ ಬಲ್ಲವರನ್ನು ಎಲ್ಲಿ ಹುಡುಕುವುದು?

ಎರಡು ಯಂತ್ರಗಳಿಗೂ ಇರುವ ಅಂತರವು ಒಂದು ಸಾಮಾನ್ಯ ಸಂಗತಿಯಲ್ಲಿ ಅಡಗಿದೆ. ಹೃದಯಕ್ಕೆ ಹೋಗುವ ತಂತಿಯನ್ನು ಪೆಟ್ಟಿಗೆಗೆ ಕೂಡಿಸುವ ತುದಿಗೆ ಅಂತಾರಾಷ್ಟ್ರೀಯ ಮಾನಕವೊಂದು ಗೊತ್ತಾಗಿದೆ. ಆದಕಾರಣ ಒಬ್ಬ ತಯಾರಕನು ಅಂಗಡಿ ಮುಚ್ಚಿದರೂ ಹಳೆಯ ತಂತಿಗೆ ಇನ್ನೊಬ್ಬನ ಪೆಟ್ಟಿಗೆಯನ್ನು ಜೋಡಿಸಲು ಬರುತ್ತದೆ. ಊರುಗೋಲಿಗೆ ಬಡಗಿ ದೊರೆತಂತೆಯೇ ಇದು. ಆರ್ಗಸ್‌ನ ತಯಾರಕ ಒಬ್ಬನೇ. ಅದಕ್ಕೆ ಹೊಂದುವ ಇನ್ನೊಂದು ಭಾಗವನ್ನು ಮಾಡಬಲ್ಲವರು ಬೇರೆ ಯಾರೂ ಇರಲಿಲ್ಲ. ಅವಲಂಬಿಸಿದ್ದು ದೋಷವಲ್ಲ, ಒಬ್ಬನನ್ನೇ ಅವಲಂಬಿಸಬೇಕಾಗಿ ಬಂದುದು ದೋಷ. ಶಸ್ತ್ರಕ್ರಿಯೆಯ ಅಪಾಯಗಳನ್ನು ರೋಗಿಗೆ ವಿವರಿಸಿ ಸಹಿ ಪಡೆಯುವ ಪದ್ಧತಿ ಎಲ್ಲೆಡೆ ಇದೆ; ಆದರೆ ಕಂಪನಿಯ ಆಯುಷ್ಯವು ರೋಗಿಯ ಆಯುಷ್ಯಕ್ಕಿಂತ ಕಿರಿದಾದರೆ ಗತಿಯೇನೆಂಬ ಮಾತು ಆ ಕಾಗದದಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಕಣ್ಣೊಳಗಿನ ಹಾಳೆಯನ್ನು ತೆಗೆಸಬೇಕಾದರೆ ಮತ್ತೊಂದು ಶಸ್ತ್ರಕ್ರಿಯೆ, ಮತ್ತೊಂದು ಅಪಾಯ. ಕೆಲವರು ಆ ನಿಂತುಹೋದ ಯಂತ್ರವನ್ನು ಕಣ್ಣಲ್ಲಿಯೇ ಇಟ್ಟುಕೊಂಡಿದ್ದಾರೆ.