ಗಾಳಿಗೆ ಮುಖಮಾಡಿ ನಿಂತ ಮರದ ಮನೆ

ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಷೈರ್ ಪ್ರಾಂತದಲ್ಲಿ ಪಿಟ್‌ಸ್ಟನ್ ಮತ್ತು ಐವಿಂಗೋ ಎಂಬ ಎರಡು ನೆರೆಹಳ್ಳಿಗಳಿವೆ. ಅವುಗಳ ಬಳಿಯ ಬಯಲಿನಲ್ಲಿ, ಯಾವ ಮರೆಯೂ ಇಲ್ಲದ ಹೊಲದ ನಡುವೆ, ಒಂದು ಮರದ ಗಾಳಿಗಿರಣಿ ಒಂಟಿಯಾಗಿ ನಿಂತಿದೆ. ಅದರ ಚೌಕಟ್ಟಿನ ಒಂದು ಭಾಗದ ಮೇಲೆ 1627 ಎಂಬ ಇಸವಿಯನ್ನು ಕೊರೆಯಲಾಗಿದೆ. ಅದು ಜಹಾಂಗೀರ ಬಾದಷಹನು ಮಡಿದ ವರ್ಷ. ಅಂದಿನಿಂದ ಹೆಚ್ಚು ಕಡಮೆ ಮುನ್ನೂರು ವರ್ಷಗಳ ಕಾಲ ಆ ಎರಡು ಹಳ್ಳಿಗಳ ಕಾಳು ಹಿಟ್ಟಾದದ್ದು ಇಲ್ಲಿಯೇ.

ದೂರದಿಂದ ನೋಡಿದವರಿಗೆ ಇದು ಇಟ್ಟಿಗೆಯ ಕಟ್ಟೆಯ ಮೇಲೆ ಕೂರಿಸಿದ ಪುಟ್ಟ ಮರದ ಮನೆಯಂತೆ ತೋರುತ್ತದೆ. ಆದರೆ ಈ ಮನೆಗೆ ತಳಹದಿಯಿಲ್ಲ! ನೆಟ್ಟಗೆ ನಿಂತ ಒಂದೇ ಒಂದು ದಪ್ಪ ಕಂಬದ ತಲೆಯ ಮೇಲೆ ಇಡೀ ಮನೆಯ ಭಾರ ಕುಳಿತಿದೆ. ಆ ಕಂಬವನ್ನೂ ನೆಲದಲ್ಲಿ ಹೂಳಿಲ್ಲ. ಹೂಳಿದ್ದರೆ ಬುಡ ಕೊಳೆತು ಎಂದೋ ಉರುಳುತ್ತಿತ್ತು. ಒಂದನ್ನೊಂದು ಅಡ್ಡ ಹಾಯುವ ಎರಡು ತೊಲೆಗಳು, ಅವುಗಳ ತುದಿಗಳಿಂದ ಮೇಲಕ್ಕೆ ಓರೆಯಾಗಿ ಏರುವ ಊರೆಗಳು—ಇವು ಕಂಬವನ್ನು ಎತ್ತಿ ಹಿಡಿದಿವೆ. ಗಾಲಿಗಳು, ಬೀಸುವ ಕಲ್ಲುಗಳು, ಕಾಳಿನ ಮೂಟೆಗಳು, ಗಿರಣಿಯವನು, ಎಲ್ಲವೂ ಮೇಲಿನ ಮನೆಯೊಳಗೇ. ಕೆಳಗಿನ ಇಟ್ಟಿಗೆಯ ದುಂಡು ಗೋಡೆ ಈ ತೊಲೆಗಳನ್ನು ಮಳೆಯಿಂದ ಕಾಪಾಡುವುದಕ್ಕೆ ಮಾತ್ರ.

ಇಷ್ಟೊಂದು ಸಾಹಸವೇಕೆಂದು ವಾಚಕರು ಕೇಳಬಹುದು. ಗಾಳಿ ಒಂದೇ ದಿಕ್ಕಿನಿಂದ ಬೀಸುವುದಿಲ್ಲವಲ್ಲ! ಅದು ದಿಕ್ಕು ಬದಲಿಸಿದಾಗಲೆಲ್ಲ ಗಿರಣಿಯೂ ಮುಖ ತಿರುಗಿಸಬೇಕು. ಮನೆಯ ಹಿಂಭಾಗದಿಂದ ಬಾಲದಂತೆ ಉದ್ದನೆಯ ತೊಲೆಯೊಂದು ಹೊರಚಾಚಿದೆ; ಅದರ ತುದಿಗೆ ಬಂಡಿಯ ಗಾಲಿಯಿದೆ. ಗಿರಣಿಯವನು ಆ ಬಾಲವನ್ನು ತಳ್ಳುತ್ತ ನಡೆದರೆ ಟನ್ನುಗಟ್ಟಲೆ ತೂಕದ ಮನೆ ಕಂಬದ ಸುತ್ತ ಮೆಲ್ಲನೆ ತಿರುಗಿ ಗಾಳಿಗೆ ಎದುರಾಗುತ್ತಿತ್ತು. ಇಂಥ ಕಂಬದ ಗಿರಣಿಗಳು ಹನ್ನೆರಡನೆಯ ಶತಮಾನದ ಕೊನೆಯ ವೇಳೆಗೇ ಇಂಗ್ಲೆಂಡಿನಲ್ಲಿದ್ದವು.

ಗಿರಣಿಯವನ ಬಾಳು ಚಿತ್ರಗಳಲ್ಲಿ ಕಾಣುವಷ್ಟು ನಿಶ್ಚಿಂತೆಯದಾಗಿರಲಿಲ್ಲ. ಇಂಥ ಗಿರಣಿಗಳ ನಾಲ್ಕು ರೆಕ್ಕೆಗಳು ಬರಿಯ ಮರದ ಜಾಲರಿಗಳು. ಅವುಗಳ ಮೇಲೆ ಹಡಗಿನ ಹಾಯಿಯಂತೆ ಬಟ್ಟೆಯನ್ನು ಹರಡಬೇಕು. ಗಾಳಿ ಹೆಚ್ಚಿದರೆ ಗಿರಣಿಯನ್ನು ನಿಲ್ಲಿಸಿ, ಒಂದೊಂದೇ ರೆಕ್ಕೆಯನ್ನು ಕೆಳಕ್ಕೆ ತಂದು ಬಟ್ಟೆಯನ್ನು ಮಡಿಸಬೇಕು. ಬಿರುಗಾಳಿಯಲ್ಲಿ ಬಿರಿ ಹಿಡಿಯಲು ಹೋದರೆ ಮರಕ್ಕೆ ಮರ ಉಜ್ಜಿ ಕಿಚ್ಚು ಹತ್ತುವ ಭಯ. ಕಲ್ಲುಗಳ ನಡುವೆ ಕಾಳು ತೀರಿದರೆ ಕಲ್ಲಿಗೆ ಕಲ್ಲು ತಾಗಿ ಕಿಡಿ ಹಾರುವ ಭಯ; ಆದುದರಿಂದಲೇ ಅನೇಕ ಗಿರಣಿಗಳಲ್ಲಿ ತೊಟ್ಟಿಯ ಕಾಳು ಇಳಿಯುತ್ತಲೇ ತಾನಾಗಿ ಬಾರಿಸುವ ಗಂಟೆಯಿರುತ್ತಿತ್ತು. ಸವೆದ ಕಲ್ಲುಗಳನ್ನು ಎತ್ತಿ ಮಗುಚಿ ಉಳಿಯಿಂದ ಗೀರುಗಳನ್ನು ಮತ್ತೆ ಕಡೆಯಬೇಕಾಗಿತ್ತು. ಮನೆಯ ಬೀಸುವ ಕಲ್ಲಿಗೆ ಉಳಿಯ ಏಟು ಹಾಕಿಸಿದ ಅಜ್ಜಿಯರನ್ನು ಬಲ್ಲವರಿಗೆ ಇದು ಹೊಸ ಮಾತೇನೂ ಅಲ್ಲ.

ಎಲ್ಲಕ್ಕಿಂತ ದೊಡ್ಡ ಅಪಾಯ ಬೆನ್ನ ಹಿಂದಿನ ಗಾಳಿ. ಎದುರು ಗಾಳಿಯನ್ನು ತಾಳುವಂತೆ ಕಟ್ಟಿದ ರೆಕ್ಕೆಗಳು ಹಿಂದಿನಿಂದ ಬಿದ್ದ ಹೊಡೆತವನ್ನು ತಾಳಲಾರವು. ಮುಗಿಲನ್ನು ನೋಡುತ್ತಲೇ ಇರಬೇಕಾದ ಕಸಬು ಅದು.

ಅಷ್ಟರಲ್ಲಿ ಕಾಲವೂ ಬದಲಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕಡೆಯಲ್ಲಿ ಉಗಿಯಂತ್ರದಿಂದ ನಡೆಯುವ ಉಕ್ಕಿನ ಉರುಳೆಗಳ ಗಿರಣಿಗಳು ಬಂದರು ಪಟ್ಟಣಗಳಲ್ಲಿ ತಲೆಯೆತ್ತಿದವು. ಪರದೇಶದ ಗೋಧಿ ಹಡಗಿನಿಂದಿಳಿದು ಅಲ್ಲಿಯೇ ಬಿಳಿಯ ಹಿಟ್ಟಾಗತೊಡಗಿತು. ಹಳ್ಳಿಯ ಗಿರಣಿಗಳಿಗೆ ಉಳಿದದ್ದು ದನಕರುಗಳ ನುಚ್ಚು. 1902ರಲ್ಲಿ ಪಿಟ್‌ಸ್ಟನ್ನಿನ ಗಿರಣಿ ತಿರುಗುತ್ತಿದ್ದಾಗಲೇ ಭಾರಿ ಬಿರುಗಾಳಿಯೊಂದು ಅಪ್ಪಳಿಸಿತು. ಆದ ಹಾನಿಯನ್ನು ಸರಿಪಡಿಸುವ ವೆಚ್ಚ ಗಿರಣಿಯ ಸಂಪಾದನೆಗೆ ಮೀರಿದ್ದಾಗಿತ್ತು. ನೂರು ವರ್ಷ ಮೊದಲಾಗಿದ್ದರೆ ಬಡಗಿಯನ್ನು ಕರೆಸುತ್ತಿದ್ದರು. ಈಗ ಬಾಗಿಲು ಹಾಕಿದರು.

ತಿರುಗದ ಗಿರಣಿ ಬೇಗ ಸಾಯುತ್ತದೆ. ಒಂದೇ ದಿಕ್ಕಿಗೆ ನಿಂತುಬಿಟ್ಟರೆ ಒಂದೇ ಮಗ್ಗುಲು ಮಳೆಯಲ್ಲಿ ನೆನೆಯುತ್ತದೆ. ಹಲಗೆಯ ಸಂದಿನಿಂದ ಇಳಿದ ನೀರು ತೊಲೆಗಳ ಸೇರುವೆಯಲ್ಲಿ ಕೂತು ಒಳಗಿನಿಂದಲೇ ಕೊಳೆಸುತ್ತದೆ. 1922ರಲ್ಲಿ ಪಕ್ಕದ ಹೊಲದ ರೈತನೊಬ್ಬ ಈ ಪಾಳು ಗಿರಣಿಯನ್ನು ಕೊಂಡನು. 1937ರಲ್ಲಿ ಅದನ್ನು ಐತಿಹಾಸಿಕ ಸ್ಥಳಗಳನ್ನು ರಕ್ಷಿಸುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ದಾನವಾಗಿ ಕೊಡಲಾಯಿತು. ಯುದ್ಧ ಬಂದು ಹೋಯಿತು; ಗಿರಣಿ ಹಾಗೆಯೇ ನಿಂತಿತ್ತು.

ಕಡೆಗೆ ಕೈ ಹಾಕಿದವರು ಸರಕಾರದವರಲ್ಲ. 1963ರಲ್ಲಿ ಆಸಕ್ತರ ತಂಡವೊಂದು ತಮ್ಮದೇ ಖರ್ಚಿನಲ್ಲಿ ದುರಸ್ತಿಯನ್ನು ಆರಂಭಿಸಿತು. ಹೀಗೆ ಹಳೆಯ ಮರ ತೆಗೆದು ಹೊಸದನ್ನು ಕೂಡಿಸಿದರೆ ಅದು ಹಳೆಯ ಗಿರಣಿಯಾಗಿ ಉಳಿದೀತೇ ಎಂಬ ಆಕ್ಷೇಪಣೆ ಇಂಥಲ್ಲೆಲ್ಲ ಏಳುವುದುಂಟು. ಅದಕ್ಕೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಮರದ ಗಿರಣಿಯನ್ನು ಕಟ್ಟಿದವರೇ ಅದನ್ನು ಬಿಚ್ಚಿ ಬದಲಾಯಿಸಲೆಂದು ಕಟ್ಟಿದ್ದರು. ಗಾಲಿಯ ಒಂದು ಹಲ್ಲು ಮುರಿದರೆ ಅದೊಂದನ್ನೇ ಕಿತ್ತು ಬೇರೆಯದನ್ನು ಬಡಿಯುತ್ತಿದ್ದರು. ಏಳು ವರ್ಷಗಳ ದುಡಿಮೆಯ ತರುವಾಯ, 1970ರಲ್ಲಿ, ಅರುವತ್ತೆಂಟು ವರ್ಷ ಮೂಕವಾಗಿದ್ದ ಕಲ್ಲುಗಳ ನಡುವಿನಿಂದ ಮತ್ತೆ ಹಿಟ್ಟು ಉದುರಿತು.

ಮರವನ್ನು ಉಳಿಸಿದರಾಯಿತೇ? ನಡೆಸಬಲ್ಲ ಕೈಗಳೂ ಬೇಕು. ಗಾಳಿಗಿರಣಿಗಳ ತವರೆನಿಸಿದ ಹಾಲೆಂಡಿನಲ್ಲಿ ಈ ಚಿಂತೆ ಮೊದಲೇ ಹುಟ್ಟಿತು. ಹೊಟ್ಟೆಪಾಡಿಗೆ ಗಿರಣಿ ನಡೆಸುವವರು ವಿರಳವಾದಾಗ, 1972ರಲ್ಲಿ ಅಲ್ಲಿ ಸ್ವಯಂಸೇವಕ ಗಿರಣಿಗಾರರ ಸಂಘವೊಂದು ಸ್ಥಾಪಿತವಾಯಿತು. ಬೇರೆ ಬೇರೆ ಉದ್ಯೋಗಗಳಲ್ಲಿರುವವರು ಬಿಡುವಿನ ವೇಳೆಯಲ್ಲಿ ಹಳಬರ ಕೈಕೆಳಗೆ ಪಳಗುತ್ತಾರೆ. 2017ರಲ್ಲಿ ಯುನೆಸ್ಕೋ ಸಂಸ್ಥೆ ಈ ಕಸಬನ್ನೇ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಕಲಿಯುವವರು ಪರೀಕ್ಷೆಗೂ ಕೂರಬೇಕು. ಹಾಯಿ ಹರಡುವುದು, ಬಿರಿ ಹಿಡಿಯುವುದು ಇವುಗಳೊಂದಿಗೆ, ಮೋಡಗಳನ್ನು ನೋಡಿ ಮುಂದೆ ಬರುವ ಗಾಳಿಯನ್ನು ತಿಳಿಯುವ ವಿದ್ಯೆಯೂ ಅವರ ಪಾಠದಲ್ಲಿ ಸೇರಿದೆ.